ಮುಳ್ಳು ನೆಟ್ಟಗೆ ನಿಲ್ಲುವ ತನಕ

ಚಳ್ಳಕೆರೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಎಣ್ಣೆಮಿಲ್ಲಿನ ಹಿಂದಿನ ಶೆಡ್ಡಿನ ಬಾಗಿಲು ತೆಗೆದ ಓಬಳೇಶ್ ಮೊದಲು ಮಾಡುವ ಕೆಲಸವೆಂದರೆ ಕಾರಿನ ಬಾನೆಟ್ ಎತ್ತಿ ಇಲಿ ಹುಡುಕುವುದು. ಶೇಂಗಾ ಹಿಂಡಿಯ ವಾಸನೆಗೆ ಬರುವ ಇಲಿಗಳಿಗೆ ಹಿಂಡಿಗಿಂತ ವೈರೇ ರುಚಿ ಅನ್ನಿಸಿದರೆ ಏನು ಮಾಡುವುದು ಹೇಳಿ! ವೈರುಗಳೆಲ್ಲ ಸರಿಯಿವೆ ಎಂದು ಖಾತ್ರಿಯಾದ ಮೇಲೆ ದಿನವೂ ಎಂಜಿನ್ ಶುರು ಮಾಡಿ, ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತ ಸುಮ್ಮನೆ ಕೂರುತ್ತಾರೆ. ಇವತ್ತು ನಮ್ಮ ಜೊತೆ ಮಾತಿಗೆ ಸಿಕ್ಕಿಕೊಂಡು ಕೀಲಿ ಹಾಗೇ ಜೇಬಿನಲ್ಲಿದೆ.

ಕಾರು ಹಳೆಯ ಆಕ್ಟೇವಿಯಾ ಆರ್‌ಎಸ್. ನೋಡಲು ಸಂಸಾರಸ್ಥರ ನಾಲ್ಕು ಬಾಗಿಲಿನ ಗಾಡಿ. ತುಳಿದರೆ ಮಾತ್ರ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಮಿಲ್ಲಿನ ಹಮಾಲರು ಇದಕ್ಕೆ ಟಗರು ಎಂದು ಹೆಸರಿಟ್ಟಿದ್ದಾರೆ. ಪರಶುರಾಂಪುರದ ಕಡೆಯ ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ಓಬಳೇಶ್‌ಗೆ ಆ ಹೆಸರು ಹಿಡಿಸಿದೆ. ಮಿಲ್ಲಿನ ಲಾರಿ ಓಡಿಸಿಕೊಂಡಿದ್ದ ಅವರ ಕೈಗೆ ಈ ಕಾರನ್ನು ಕೊಟ್ಟವರು ಮಾಲೀಕ ಸೋಮಶೇಖರಪ್ಪ. ವೇಗವೆಂದರೆ ಪ್ರಾಣ ಆ ಮನುಷ್ಯನಿಗೆ. ಆದರೂ ಮೊದಲ ದಿನವೇ ಒಂದು ಕಟ್ಟಪ್ಪಣೆ ಮಾಡಿದ್ದರು.

“‘ಮುಳ್ಳು ಮಧ್ಯಕ್ಕೆ ಬಂದು ನೆಟ್ಟಗೆ ನಿಲ್ಲೋತನಕ ಜೋರಾಗಿ ತುಳೀಬ್ಯಾಡ. ನಾನೇ ಹೇಳಿದ್ರೂ ತುಳೀಬ್ಯಾಡ’ ಅಂದಿದ್ರು ಸಾವ್ಕಾರ್ರು. ಆಯಿಲ್ ತಣ್ಣಗಿದ್ದಾಗ ತುಳಿದ್ರೆ ಎಂಜಿನ್ನಿಗೆ ಗಾಳಿ ನೂಕೋ ಟರ್ಬೊ ಹಾಳಾಗ್ತೈತ್ರಿ,” ಎನ್ನುತ್ತಾರೆ ಓಬಳೇಶ್.

ಇಂಥ ಕಾರು ಸಾಕುವುದು ಹುಡುಗಾಟವಲ್ಲ. ಸಾಮಾನು ಸಿಗುವುದಿಲ್ಲ; ಗುಜರಿಯವರಿಗೆ ಹೇಳಿಟ್ಟು ತಿಂಗಳುಗಟ್ಟಲೆ ಕಾಯಬೇಕು. ಗಾಳಿಯ ಪೈಪು ಸೀಳಿದೆಯೇ ಎಂದು ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೋ ನೋಡಬೇಕು. ನಮ್ಮ ಊರುಗಳ ಹಂಪುಗಳ ಮಾತು ಎತ್ತದಿರುವುದೇ ವಾಸಿ. ಹೊಟ್ಟೆ ತಾಗದಂತೆ ಓಬಳೇಶ್ ಒಂದೊಂದೇ ಚಕ್ರವನ್ನು ಓರೆಯಾಗಿ ಹತ್ತಿಸಿ ಇಳಿಸುತ್ತಾರೆ, ಹಿಂದಿನವರು ಎಷ್ಟೇ ಹಾರನ್ ಹೊಡೆಯಲಿ.

ಕೆಲವು ವರ್ಷಗಳ ಹಿಂದೆ ಒಂದು ಚಳಿಯ ಬೆಳಿಗ್ಗೆ, ಬಿ.ಜಿ. ಕೆರೆಯ ತೋಟದ ಮನೆಯಲ್ಲಿ ಸೋಮಶೇಖರಪ್ಪನವರಿಗೆ ಎದೆನೋವು ಕಾಣಿಸಿಕೊಂಡಿತು. ಬಯಲಲ್ಲಿ ನಿಂತಿದ್ದ ಕಾರು ಮುಟ್ಟಿದರೆ ಕೊರೆಯುತ್ತಿತ್ತು. ಹಿಂದಿನ ಸೀಟಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಮಂಜುಳಮ್ಮ ಬೇಗ ಹೋಗು, ಬೇಗ ಹೋಗು ಎನ್ನುತ್ತಲೇ ಇದ್ದರು. ರಸ್ತೆ ಖಾಲಿಯಿತ್ತು. ಓಬಳೇಶ್ ಕಣ್ಣು ಮಾತ್ರ ಮುಳ್ಳಿನ ಮೇಲಿತ್ತು. ಅದು ಏಳುವವರೆಗೆ ಕಾರು ಮದುವೆ ದಿಬ್ಬಣದ ಹಾಗೆ ಹೋಯಿತು. ಎದ್ದ ಮೇಲೆ ಟಗರು ಹಾರಿದ್ದು ನಿಜ. ಚಳ್ಳಕೆರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಇನ್ನಷ್ಟು ಮುಂಚೆ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಓಬಳೇಶ್ ಅದನ್ನು ಕಿವಿಗೇ ಹಾಕಿಕೊಂಡಿಲ್ಲ.

“ತುಳೀಬಾರ್ದು ಅಂತ ನಾನು ಯೋಚ್ನೆ ಮಾಡಿದ್ದಲ್ರಿ. ಕಾಲೇ ತುಳೀಲಿಲ್ಲ. ಹಾಳಾಗಿದ್ರೆ ಕಾರು ಹಾಳಾಗ್ತಿತ್ತು, ಅಷ್ಟೇ ತಾನೇ? ಅಷ್ಟೂ ಹೊಳೀಲಿಲ್ಲ ನೋಡ್ರಿ ನಂಗೆ.”

ಮಂಜುಳಮ್ಮ ಈ ಬಗ್ಗೆ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಕಾರು ಮಾರಲು ಬಿಟ್ಟಿಲ್ಲ, ಓಬಳೇಶ್‌ರನ್ನು ಕೆಲಸದಿಂದ ಬಿಡಿಸಿಲ್ಲ. ಆದರೆ ಅವತ್ತಿನಿಂದ ಅದರಲ್ಲಿ ಕೂತೂ ಇಲ್ಲ. ತೋಟದಲ್ಲಿರುವ ಗಂಡನ ಗದ್ದುಗೆಯ ವರ್ಷದ ಪೂಜೆಗೂ ತಮ್ಮನ ಕಾರಿನಲ್ಲೇ ಹೋಗುತ್ತಾರೆ. ಬಾಯಿತುಂಬ ಬೈದಿದ್ದರೆ ಎದೆ ಹಗುರಾಗುತ್ತಿತ್ತು ಎಂದು ಓಬಳೇಶ್‌ಗೆ ಅನ್ನಿಸುತ್ತದೆ. ಅವರ ಆಸೆಯೇನೂ ದೊಡ್ಡದಲ್ಲ.

“ಅಮ್ಮಾರು ಒಂದ್ಸಲ ಈ ಕಾರಲ್ಲಿ ಕುಂತ್ರೆ ಸಾಕ್ರಿ.”

ಇವತ್ತು ಆ ಪೂಜೆಯ ದಿನ. ಕಾರು ಒರೆಸುತ್ತಿರುವಾಗಲೇ ಮಂಜುಳಮ್ಮ ಹೂವಿನ ಬುಟ್ಟಿ ಹಿಡಿದು ಶೆಡ್ಡಿಗೆ ಬರುತ್ತಾರೆ. ಬರಬೇಡವೆಂದು ತಮ್ಮನಿಗೆ ಹೇಳಿ ಕಳಿಸಿದ್ದಾರಂತೆ. ತಾವೇ ಹಿಂದಿನ ಬಾಗಿಲು ತೆಗೆದು, ಅವತ್ತು ಕೂತಿದ್ದ ಜಾಗದಲ್ಲೇ ಕೂರುತ್ತಾರೆ. ಓಬಳೇಶ್ ಜೇಬಿನಿಂದ ಕೀಲಿ ತೆಗೆದು ತಿರುಗಿಸುತ್ತಾರೆ. ಎಂಜಿನ್ ಶುರುವಾಗಿದ್ದೇ ತಡ, ಮಲಗಿರುವ ಮುಳ್ಳಿನ ಕಡೆ ನೋಡದೆ, ಈ ಕಾರು ಹಿಡಿದಂದಿನಿಂದ ಮೊದಲ ಸಲ, ಎಂಜಿನ್ ತಣ್ಣಗಿರುವಾಗಲೇ ಜೋರಾಗಿ ತುಳಿಯಲು ಹೊರಡುತ್ತಾರೆ.

ಹಿಂದಿನಿಂದ ಮಂಜುಳಮ್ಮನ ದನಿ ಮೆಲ್ಲಗೆ ಬರುತ್ತದೆ.

“ಬಿಸಿ ಆಗ್ಲಿ ಬಿಡಪ್ಪ ಓಬಳೇಶ. ಈಗೇನು ಅವಸರ ಐತೆ?”