ಪೂರ್ವದ ಗೋಡೆಗೆ ಹಾಕಿದ ಬೋರ್ಡು

ಪಂಕಜಮ್ಮ ಮಿಸ್ಸಿಗೆ ಎಡ, ಬಲ ಎನ್ನುವ ಮಾತೇ ಬರುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕೂತರೆ, "ಆ ಉಪ್ಪಿನಕಾಯಿ ಡಬ್ಬಿ ಸ್ವಲ್ಪ ದಕ್ಷಿಣಕ್ಕೆ ತಳ್ಳೇ" ಎನ್ನುವರು. ಒಂದು ದಿನ ನನ್ನನ್ನು ನಿಲ್ಲಿಸಿ, "ನಿನ್ ಪಶ್ಚಿಮದ ಕೆನ್ನೆಗೆ ಚಾಕ್‌ಪುಡಿ ಆಗೈತೆ, ಒರೆಸ್ಕೋ" ಎಂದರು. ನಾನು ಯಾವ ಕೆನ್ನೆ ಎಂದು ತಬ್ಬಿಬ್ಬಾದರೆ, "ಬಿ.ಎಡ್. ಮಾಡಿದೀಯ, ದಿಕ್ಕೇ ಗೊತ್ತಿಲ್ವಲ್ಲೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸದಾಶಿವನಗರದ ನಮ್ಮ ಖಾಸಗಿ ಶಾಲೆಗೆ ಅವರು ದಿನಾ ನಿಟ್ಟೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಮದುವೆಯಾಗಿರಲಿಲ್ಲ, ತಂಗಿಯ ಮನೆಯಲ್ಲಿದ್ದರು. ನಾನು ಕೆಲಸಕ್ಕೆ ಸೇರಿದ ವರ್ಷ ಗೌರಿ ಹಬ್ಬಕ್ಕೆ ಕುಂಕುಮ ತಗೊಂಡು ಹೋಗೆಂದು ಕರೆದಿದ್ದರು. ಹೊರಡುವಾಗ ಕತ್ತಲಾಗಿತ್ತು. ಸ್ಟೇಷನ್ನಿನವರೆಗೆ ಜೊತೆಗೆ ಬರುತ್ತೇನೆಂದು ತಂಗಿ ಎದ್ದರೆ ಇವರು ಗದರಿದರು. "ಕೂತ್ಕೊಳೇ ನೀನು. ದಿಕ್ಕು ಹೇಳಿದೀನಿ, ಹೋಗ್ತಾಳೆ ಬುಡು. ಮನುಷ್ಯರು ಅಂದ್ಮೇಲೆ ಒಬ್ಬೊಬ್ರೇ ಓಡಾಡೋದು ಕಲೀಬೇಕು ಕಣೇ." ನನಗೆ ಆಗ ಸ್ವಲ್ಪ ಸಿಟ್ಟೇ ಬಂದಿತ್ತು.

ಎರಡು ಸಾವಿರದ ದಶಕದ ನಡುವಿನಲ್ಲಿ ನಮ್ಮಲ್ಲಿಗೆ ಸ್ಮಾರ್ಟ್ ಬೋರ್ಡು ಬಂತು. ಬೆರಳಿಟ್ಟರೆ ಚಿತ್ರ ಸರಿಯುವ, ಸರಿಯುತ್ತರಕ್ಕೆ ಟಿಂಗ್ ಎನ್ನುವ ಬೋರ್ಡು. ನಾವೆಲ್ಲ ಮುಟ್ಟಲು ಹೆದರುತ್ತಿದ್ದಾಗ ಮೊದಲು ಕಲಿತವರು ಪಂಕಜಮ್ಮ ಮಿಸ್ಸೇ. ನಮ್ಮ ಶಾಲೆಯ ಸುತ್ತಲಿನ ಬೀದಿಗಳ ನಕ್ಷೆಯನ್ನು ತಾವೇ ಕೂತು ಕಂಪ್ಯೂಟರಿನಲ್ಲಿ ಬರೆದರು. ಶಾಲೆ, ಹಾಲಿನ ಬೂತು, ಪಾರ್ಕು, ಗಣಪತಿ ಗುಡಿ. ಎರಡನೇ ಕ್ಲಾಸಿನ ಮಕ್ಕಳು ಒಬ್ಬೊಬ್ಬರಾಗಿ ಬಂದು ಶಾಲೆಯಿಂದ ತಮ್ಮ ಮನೆಯವರೆಗೆ ಬೆರಳು ಎಳೆಯಬೇಕು. ಟಿಂಗ್ ಎಂದ ಕೂಡಲೇ ಇಡೀ ಕ್ಲಾಸು ಕುಣಿಯುತ್ತಿತ್ತು, ಮಿಸ್ಸೂ ಕುಣಿಯುತ್ತಿದ್ದರು.

ಒಂದು ಬೆಳಿಗ್ಗೆ ಅವರು ಸುಮ್ಮನೆ, "ಪೂರ್ವ ಎಲ್ಲೈತೆ, ಕೈ ತೋರ್ಸಿ" ಎಂದರು. ಮಕ್ಕಳೆಲ್ಲ ಒಟ್ಟಿಗೆ ಬಲಗಡೆಯ ಕಿಟಕಿ ತೋರಿಸಿದರು. ಅದು ದಕ್ಷಿಣ. ನಕ್ಷೆಯಲ್ಲಿ ಪೂರ್ವ ಬಲಕ್ಕಿರುತ್ತದೆ, ಉತ್ತರ ಮೇಲಿರುತ್ತದೆ. ಆದರೆ ಆ ಬೋರ್ಡು ಇದ್ದದ್ದು ಪೂರ್ವದ ಗೋಡೆಯ ಮೇಲೆ. ಹಾಗಾಗಿ ಬೋರ್ಡಿನ ಕಡೆಯೇ ಉತ್ತರ ಎಂದು ಮಕ್ಕಳು ತಿಳಿದುಬಿಟ್ಟಿದ್ದವು. ಮಿಸ್ಸಿನ ಮುಖ ಬಿಳುಚಿಕೊಂಡಿತು.

ಅವತ್ತೇ ಸೆಕ್ರೆಟರಿಯವರ ಹತ್ತಿರ ಹೋದರು. ನಾನೂ ಜೊತೆಗಿದ್ದೆ. "ಸಾರ್, ಬೋರ್ಡನ್ನ ಉತ್ತರದ ಗೋಡೆಗೆ ಹಾಕ್ಸಿಕೊಡಿ."

"ಏನ್ ಮಿಸ್ ನೀವು, ಪೂರ್ವಕ್ಕೆ ಮುಖ ಮಾಡ್ಕೊಂಡು ಓದಿದ್ರೇನೇ ವಿದ್ಯೆ ಹತ್ತೋದು. ವಾಸ್ತು ಕೇಳೇ ಹಾಕ್ಸಿರೋದು."

"ಪೂರ್ವಕ್ಕೇ ಮುಖ ಮಾಡ್ಕೊಂಡು, ಪೂರ್ವ ಯಾವ್ದು ಅಂತ ಗೊತ್ತಿಲ್ವಲ್ಲ ಸಾರ್ ಅವಕ್ಕೆ!"

ಸೆಕ್ರೆಟರಿ ನಕ್ಕು ಫೋನೆತ್ತಿಕೊಂಡರು. ಮಿಸ್ ಸುಮ್ಮನಿರುವ ಪೈಕಿಯಲ್ಲ. ಬೆಂಚುಗಳನ್ನೇ ಉತ್ತರಕ್ಕೆ ತಿರುಗಿಸಿದರು. ಮಕ್ಕಳು ಕತ್ತು ತಿರುಗಿಸಿ ತಿರುಗಿಸಿ ಬೋರ್ಡು ನೋಡಬೇಕಾಯಿತು, ಕತ್ತು ನೋವೆಂದು ಮನೆಯಲ್ಲಿ ಹೇಳಿದವು. ಆ ವಾರವೇ ಬೆಂಚುಗಳು ಮತ್ತೆ ಮೊದಲಿನ ಜಾಗಕ್ಕೆ ಬಂದವು.

ಚೈತ್ರಾ ಎಂಬ ಹುಡುಗಿಯ ಮನೆ ಶಾಲೆಯ ಉತ್ತರಕ್ಕೆ, ಪಾರ್ಕಿನ ಹಿಂದೆ. ಆಗಷ್ಟೇ ಆ ಮನೆಗೆ ಬಂದಿದ್ದರು. ಆಟೋದಲ್ಲಿ ಸುತ್ತಿ ಬಳಸಿ ಹೋಗುತ್ತಿದ್ದ ಮಗುವಿಗೆ ದಾರಿ ಗೊತ್ತಿದ್ದದ್ದು ಬೋರ್ಡಿನ ಮೇಲೆ ಮಾತ್ರ. ಒಂದು ಸಂಜೆ ಆಟೋ ಬರಲಿಲ್ಲ. ಅವಳು ಬ್ಯಾಗು ಏರಿಸಿಕೊಂಡು ತಾನೇ ಹೊರಟಳು, ಬೋರ್ಡಿದ್ದ ದಿಕ್ಕಿಗೆ.

ದೀಪ ಹಚ್ಚುವ ಹೊತ್ತಿಗೆ ಅವಳು ಸಿಕ್ಕಿದ್ದು ಎಲ್ಲೆಲ್ಲೋ ಅಲೆದು ಶಿರಾ ಗೇಟಿನಲ್ಲಿ. ಬಸ್ಸು ಲಾರಿಗಳ ಮಧ್ಯೆ ಅಳುತ್ತಾ ನಿಂತಿದ್ದವಳನ್ನು ಹಣ್ಣಿನ ಗಾಡಿಯ ಹೆಂಗಸು ಹಿಡಿದು ಕೂರಿಸಿಕೊಂಡಿದ್ದಳು. ಹುಡುಕಿಕೊಂಡು ಹೋದ ಮಿಸ್ಸನ್ನು ಕಂಡು ಮಗು ಬಿಕ್ಕುತ್ತಾ, "ಬೋರ್ಡಲ್ಲಿ ಟಿಂಗ್ ಅಂದಿತ್ತು ಮಿಸ್" ಎಂದಿತು. 

ಮಾರನೆಯ ದಿನ ಚೈತ್ರಾಳ ಅಪ್ಪ ಅಮ್ಮ ಬಂದು ಕೂಗಾಡಿದರು. ಮಕ್ಕಳ ತಲೆಗೆ ಒಬ್ಬರೇ ಹೋಗುವ ಹುಚ್ಚು ಹತ್ತಿಸಿದ್ದೇ ಪಂಕಜಮ್ಮ ಎಂದು ಸೆಕ್ರೆಟರಿ ತೀರ್ಪು ಕೊಟ್ಟರು. ಮಿಸ್ ಗೋಡೆಯ ಸುದ್ದಿ ತೆಗೆಯುತ್ತಾರೆಂದು ನಾನು ಕಾದೆ. ಅವರು ತೆಗೆಯಲಿಲ್ಲ. ಹೊರಗೆ ಬಂದು, "ನಾನೇ ಆ ಮಗೂನ ಅಲ್ಲಿಗೆ ಕಳಿಸ್ದಂಗಾಯ್ತಲ್ಲೇ" ಎಂದಷ್ಟೇ ಹೇಳಿ ಮಧ್ಯಾಹ್ನದ ರೈಲಿಗೆ ಹೋದರು. ಮತ್ತೆ ಬರಲಿಲ್ಲ.

ಮೂರು ವರ್ಷ ಬಿಟ್ಟು, ಹುಷಾರಿಲ್ಲವೆಂದು ತಿಳಿದು ನಿಟ್ಟೂರಿಗೆ ಹೋದೆ. ಜಗಲಿಯ ಮೇಲೆ ಒರಗಿ ಕೂತಿದ್ದರು, ತುಂಬಾ ಇಳಿದುಹೋಗಿದ್ದರು.

"ಬೋರ್ಡು ಬದಲಾಯಿಸಿದ್ರಾ?"

"ಹೊಸದು ಬಂದಿದೆ ಮಿಸ್. ಅದೇ ಗೋಡೆಗೆ."

"ಆ ಮಗು?"

"ಐದನೇ ಕ್ಲಾಸು. ಚೆನ್ನಾಗಿ ಓದ್ತಾಳೆ. ಈಗ ಸ್ಕೂಲ್ ವ್ಯಾನ್ ಬಂದಿದೆಯಲ್ಲ, ಅದ್ರಲ್ಲೇ ಹೋಗ್ತಾಳೆ."

"ಒಬ್ಳೇ ಎಲ್ಲೂ ಹೋಗಲ್ವಾ?"

"ಅಂಗಡಿಗೆ ಹೋಗೋಕೂ ಹೆದರ್ತಾಳಂತೆ ಮಿಸ್."

ಸುಳ್ಳು ಹೇಳಬಹುದಿತ್ತು ಎಂದು ಆಮೇಲೆ ಅನ್ನಿಸಿತು.  ಕಾಫಿ ಕುಡಿದು ನಾನು ಎದ್ದೆ. ದಿಕ್ಕು ಹೇಳುತ್ತಾರೆಂದು ಮೆಟ್ಟಿಲ ಬಳಿ ತಡೆದು ನಿಂತೆ. ಅವರು ಒಳಗೆ ತಿರುಗಿ ತಂಗಿಯನ್ನು ಕೂಗಿದರು. "ಇವಳ ಜೊತೆ ಹೋಗಿ ರೈಲು ಹತ್ತಿಸಿ ಬಾರೇ. ಕೈ ಬುಡಬ್ಯಾಡ, ಒಬ್ಳನ್ನೇ ಕಳಿಸ್ಬ್ಯಾಡ."

ನಡುಹಗಲು. ಸ್ಟೇಷನ್ನು ಆ ಜಗಲಿಗೇ ಕಾಣುತ್ತಿತ್ತು.