ಮೇಷ್ಟ್ರು ಗೇಟಿನಲ್ಲಿ ನಿಂತ ವರ್ಷ

ಕಳೆದ ವಾರ ಬೀರುವಿನ ಕೆಳಗಿನ ಖಾನೆಯನ್ನು ಖಾಲಿ ಮಾಡುತ್ತಿದ್ದಾಗ ಹಳೆಯ ವ್ಯಾನಿಟಿ ಬ್ಯಾಗೊಂದು ಸಿಕ್ಕಿತು. ಜಿಪ್ಪು ಎಳೆದೊಡನೆ ಕರ್ಪೂರ, ಓಮ, ಲವಂಗದ ವಾಸನೆ ಮೂಗಿಗೆ ಬಡಿಯಿತು. ಒಳಗೆ, ಹಳೆ ಪಂಚೆಯ ತುಂಡಿನಲ್ಲಿ ಕಟ್ಟಿದ ನೆಲ್ಲಿಕಾಯಿ ಗಾತ್ರದ ಗಂಟು. ಕೊರೊನಾ ಕಾಲದಲ್ಲಿ ಇದನ್ನು ಮೂಸುತ್ತಿದ್ದರೆ ಉಸಿರಿಗೆ ಒಳ್ಳೆಯದು ಎಂದು ಯಾರೋ ಮೊಬೈಲಿಗೆ ಕಳಿಸಿದ್ದರು, ನಾವೆಲ್ಲ ನಂಬಿದ್ದೆವು. "ನಮ್ಮನೆಯವಳು ಕಟ್ಟಿಕೊಟ್ಟಳು ಮೇಡಂ, ನಿಮಗೂ ಒಂದು ಅಂತ" ಎಂದು ಅದನ್ನು ನನ್ನ ಕೈಗಿಟ್ಟವರು ನಮ್ಮ ಶಾಲೆಯ ಕನ್ನಡ ಮೇಷ್ಟ್ರು. ಬಟ್ಟೆ ಮಡಿಸುವುದನ್ನು ಬಿಟ್ಟು ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ…

ನಮ್ಮ ಶಾಲೆ ಟಿ. ದಾಸರಹಳ್ಳಿಯ ಒಂದು ಅಡ್ಡರಸ್ತೆಯಲ್ಲಿದೆ. ಮೂರು ಅಂತಸ್ತಿನ ಕಟ್ಟಡ. ಆಟದ ಮೈದಾನವೆಂದರೆ ಮೇಲಿನ ತಾರಸಿ. ಓದುವವರು ಹೆಚ್ಚಾಗಿ ಪೀಣ್ಯದ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರ ಮಕ್ಕಳು. ಪಕ್ಕದ ಗೋಡೆಗೆ ಅಂಟಿಕೊಂಡಂತೆ ಒಂದು ವರ್ಕ್‌ಶಾಪ್ ಇತ್ತು. ಅಲ್ಲಿ ಕಬ್ಬಿಣ ಉಜ್ಜುವ ಗ್ರೈಂಡರ್ ಶುರುವಾದರೆ ನಾವೆಲ್ಲ ಗಂಟಲು ಹರಿಯುವಂತೆ ಕೂಗಿ ಪಾಠ ಮಾಡುತ್ತಿದ್ದೆವು. ಮೇಷ್ಟ್ರು ಕೂಗುತ್ತಿರಲಿಲ್ಲ. ಬಲಗೈ ಎತ್ತಿ ಸುಮ್ಮನೆ ನಿಂತುಬಿಡುತ್ತಿದ್ದರು. ಸದ್ದು ನಿಂತ ಮೇಲೆ, ಬಿಟ್ಟ ಪದದಿಂದಲೇ ವಾಕ್ಯ ಮುಂದುವರಿಯುತ್ತಿತ್ತು. ಆ ಕೈ ಕೆಳಗಿಳಿಯುವವರೆಗೆ ಇಡೀ ತರಗತಿ ಪಿಟ್ಟೆನ್ನದೆ ಕಾಯುತ್ತಿದ್ದುದನ್ನು, ಗಣಿತ ಹೇಳಲು ಪಕ್ಕದ ಕೋಣೆಗೆ ಹೋಗುವಾಗ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೇಷ್ಟ್ರು ಐವತ್ತು ದಾಟಿದ್ದರು. ತೆಳ್ಳಗೆ, ಕಪ್ಪಗೆ, ಯಾವಾಗಲೂ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಶಾಲೆ ಎರಡು ಶೀಟಿನ ಕೋಣೆಗಳಾಗಿದ್ದಾಗಿನಿಂದ ಅಲ್ಲಿದ್ದವರು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ 'ಹ'ಕಾರ ನುಂಗುವವರು. ನಾನೂ ಕುಣಿಗಲ್ ಕಡೆಯವಳು, ನನಗೂ ಆ ಕಷ್ಟ ಗೊತ್ತು. ಬೇರೆಯವರು ಅದಕ್ಕೆ ನಗುತ್ತಿದ್ದರು, ಇಲ್ಲವೇ ಗದರುತ್ತಿದ್ದರು. ಮೇಷ್ಟ್ರು ಮಾತ್ರ, "ಮನೇಲಿ ಆಲು ಅನ್ನು, ಪರೀಕ್ಷೇಲಿ ಹಾಲು ಅಂತ ಬರಿ. ಎರಡೂ ನಿಂದೇ ಕಣಪ್ಪ" ಎನ್ನುತ್ತಿದ್ದರು.

ಆಮೇಲೆ ಲಾಕ್‌ಡೌನ್ ಬಂತು, ಎಲ್ಲ ನಿಂತುಹೋಯಿತು. ಶಾಲೆಗೆ ಬೀಗ ಬಿತ್ತು, ವರ್ಕ್‌ಶಾಪಿಗೂ ಬಿತ್ತು. ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಅವರೂ ಮನೆಯಲ್ಲೇ ಕೂತರು. ನಮ್ಮ ವಠಾರದ ಎಂಟು ಮನೆಗಳಲ್ಲಿ ಹೊರಗೆ ಹೋಗುವ ಕೆಲಸ ಉಳಿದದ್ದು ಒಬ್ಬ ಆಸ್ಪತ್ರೆ ಆಯಾಗೆ ಮಾತ್ರ. ಅವಳು ಬಂದಾಗ ನಾವೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಅವಳು ನಲ್ಲಿಯಲ್ಲಿ ನೀರು ಹಿಡಿದು ಹೋದ ಮೇಲೆ ನಮ್ಮಲ್ಲಿ ಯಾರಾದರೊಬ್ಬರು ಹೋಗಿ ನಲ್ಲಿಗೆ ಸೋಪು ಹಚ್ಚಿ ತೊಳೆಯುತ್ತಿದ್ದರು. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಅದೇ ಹೆಂಗಸಿನ ಹತ್ತಿರ ಜ್ವರದ ಮಾತ್ರೆ ಕೇಳಿ ಇಸಿದುಕೊಳ್ಳುವುದಕ್ಕೆ ಮಾತ್ರ ಯಾರಿಗೂ ಸಂಕೋಚವಿರಲಿಲ್ಲ.

ಆನ್‌ಲೈನ್ ತರಗತಿ ನಮ್ಮ ಮಕ್ಕಳಿಗೆ ಒಗ್ಗಲಿಲ್ಲ. ಮನೆಗೊಂದೇ ಫೋನು, ಅಪ್ಪ ಕೆಲಸ ಹುಡುಕಿಕೊಂಡು ಹೊರಟರೆ ತರಗತಿಯೂ ಅವನ ಜೇಬಿನಲ್ಲೇ ಹೋಗುತ್ತಿತ್ತು. ಹಾಗಾಗಿ ಪಾಠಗಳನ್ನು ವಿಡಿಯೋ ಮಾಡಿ ಹಾಕೋಣ, ಫೋನು ಸಿಕ್ಕಾಗ ಮಕ್ಕಳು ನೋಡಿಕೊಳ್ಳಲಿ ಎಂದು ತೀರ್ಮಾನವಾಯಿತು. ಮೇಲ್ನೋಟಕ್ಕೆ ಒಳ್ಳೆಯ ಯೋಚನೆ. ಶಾಲೆಯ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಅವರು ಈ ಊರಿನ ಹಳೆಯ ಒಕ್ಕಲು ಮನೆತನದವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ನೆಲದಲ್ಲೇ ಶಾಲೆ ಎದ್ದಿತ್ತು.

"ಮೊದಲು ಕನ್ನಡ ಮುಗಿಸ್ಬಿಡಿ ಮೇಡಂ. ಎಂಟು, ಒಂಬತ್ತು, ಹತ್ತು. ಇಡೀ ವರ್ಷದ್ದು" ಎಂದರು.

"ಅಷ್ಟು ಅವಸರ ಯಾಕೆ ಸಾರ್?"

"ಒಂದ್ಸಲ ವಿಡಿಯೋ ಆದ್ರೆ ಅದಕ್ಕೊಬ್ರು, ಇದಕ್ಕೊಬ್ರು ಅಂತ ಇಟ್ಕೊಳ್ಳೋ ಹಂಗಿರಲ್ಲ. ಶಾಲೆ ಉಳೀಬೇಕಲ್ವಾ? ಮೇಷ್ಟ್ರಿಗೆ ಈಗ್ಲೇ ಏನೂ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ. ನೀವು ಕಂಪ್ಯೂಟರ್ ಬಲ್ಲೋರು, ನಿಮಗೇನೂ ಆಗಲ್ಲ."

ಅರ್ಥವಾಗಲಿಲ್ಲ ಎಂದು ನಾನು ಇವತ್ತಿಗೂ ಹೇಳಿಕೊಳ್ಳಲಾರೆ. ಚೆನ್ನಾಗಿ ಅರ್ಥವಾಗಿತ್ತು. ತಲೆಯಾಡಿಸಿ ಹೊರಗೆ ಬಂದೆ.

ಮಾರನೆಯ ದಿನದಿಂದ ಖಾಲಿ ಶಾಲೆಯಲ್ಲಿ ನಾವಿಬ್ಬರೇ. ಬೆಂಚಿನ ಮೇಲೆ ಬೆಂಚು ಇಟ್ಟು, ಅದರ ಮೇಲೆ ನನ್ನ ಫೋನು ನಿಲ್ಲಿಸುತ್ತಿದ್ದೆ. ಮೊದಲ ದಿನ ಮೇಷ್ಟ್ರಿಗೆ ಒಂದು ವಾಕ್ಯವನ್ನೂ ಪೂರ್ತಿ ಮಾಡಲಾಗಲಿಲ್ಲ. ಬೆವರು ಒರೆಸಿಕೊಂಡು, "ಎದುರಿಗೆ ಯಾರೂ ಇಲ್ದೆ ಹೆಂಗೆ ಮೇಡಂ ಮಾತಾಡೋದು? ಗೋಡೆಗೆ ಪಾಠ ಹೇಳ್ದಂಗಾಗುತ್ತೆ. ನೀವೇ ಬಂದು ಕೂತ್ಕೊಳ್ಳಿ" ಎಂದರು. ನಾನು ಮೊದಲ ಸಾಲಿನ ಬೆಂಚಿನಲ್ಲಿ ಕುಳಿತೆ. ಅವರು ನನ್ನನ್ನು ನೋಡಿಕೊಂಡು ಪಾಠ ಮಾಡಿದರು. ಪ್ರಶ್ನೆ ಕೇಳಿದಾಗ, ವಿಡಿಯೋದಲ್ಲಿ ಸದ್ದು ಬರಬಾರದೆಂದು, ಉತ್ತರ ಗೊತ್ತಿದ್ದರೆ ಕೈ ಎತ್ತುತ್ತಿದ್ದೆ. ಗೊತ್ತಿಲ್ಲದಿದ್ದರೆ ತಲೆ ತಗ್ಗಿಸುತ್ತಿದ್ದೆ. ಆಗ ಅವರು ಇನ್ನೊಂದು ಸಲ, ಬೇರೆ ರೀತಿಯಲ್ಲಿ ಹೇಳುತ್ತಿದ್ದರು. ಗಣಿತ ಓದಿದ ನನಗೆ ವ್ಯಾಕರಣದ ಸಂಧಿ, ಸಮಾಸಗಳು ಸರಿಯಾಗಿ ತಿಳಿದದ್ದು ಆ ಬೆಂಚಿನ ಮೇಲೆ.

ಒಂದು ತಿಂಗಳ ಮೇಲೇ ಹಿಡಿಯಿತು. ಮೇಷ್ಟ್ರು ಒಂದು ದಿನವೂ ತಪ್ಪಿಸಲಿಲ್ಲ. ಬಸ್ಸಿಲ್ಲದ ದಿನಗಳಲ್ಲಿ ನಡೆದೇ ಬಂದರು, ದಾರಿಯಲ್ಲಿ ಪೊಲೀಸರು ತಡೆದರೆ ಶಾಲೆಯ ಗುರುತಿನ ಚೀಟಿ ತೋರಿಸಿ ಬಂದರು. ನಾನು ಬೇಕೆಂದೇ ನಿಧಾನ ಮಾಡುತ್ತಿದ್ದೆ. ಫೋನಿನ ಚಾರ್ಜ್ ಮುಗಿಯಿತು ಎನ್ನುತ್ತಿದ್ದೆ, ತಲೆನೋವು ಎನ್ನುತ್ತಿದ್ದೆ. ಅವರೇ, "ಬೇಗ ಮುಗಿಸೋಣ ಮೇಡಂ, ಹತ್ತನೇ ಕ್ಲಾಸಿನವ್ರಿಗೆ ಪರೀಕ್ಷೆ ಇದೆಯಲ್ಲ, ಪಾಪ" ಎಂದು ಅವಸರ ಮಾಡುತ್ತಿದ್ದರು. ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಮನೆಯಲ್ಲಿ ಗಂಡ ಕೈಕಟ್ಟಿ ಕೂತಿದ್ದರು, ಮಗಳು ಚಿಕ್ಕವಳು. ಇದನ್ನು ಸಮಜಾಯಿಷಿ ಎಂದು ಹೇಳುತ್ತಿಲ್ಲ. ಆಗ ನನ್ನ ತಲೆಯಲ್ಲಿದ್ದದ್ದು ಅಷ್ಟೇ.

ಕೊನೆಯ ಪಾಠ ಮುಗಿದ ವಾರಕ್ಕೆ, ಇನ್ನು ಬರುವುದು ಬೇಡ ಎಂದು ಅವರಿಗೆ ಕಚೇರಿಯಿಂದ ಫೋನು ಹೋಯಿತು. ಶಾಲೆ ತೆರೆದಾಗ ನೋಡೋಣ ಎಂದರಂತೆ. ಅವತ್ತು ಸಂಜೆ ಮೇಷ್ಟ್ರು ನನಗೆ ಕರೆ ಮಾಡಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ?"

"ಇಲ್ಲ ಸಾರ್" ಎಂದೆ.

"ಹಂಗೇ ಅನ್ಕೊಂಡೆ. ಗೊತ್ತಿದ್ರೆ ನೀವು ಹೇಳ್ತಿದ್ರಿ."

ಅದಾದ ಮೇಲೆ ಕೆಲವು ತಿಂಗಳು ಅವರ ಸುದ್ದಿ ಇರಲಿಲ್ಲ. ನಾನಾಗಿ ಫೋನು ಮಾಡಲೂ ಇಲ್ಲ. ಕಾರ್ಖಾನೆಗಳು ಒಂದೊಂದಾಗಿ ತೆರೆದವು, ನನ್ನ ಗಂಡನನ್ನು ವಾರಕ್ಕೆ ಮೂರು ದಿನ ಎಂದು ಕರೆದರು. ಮೊದಲ ದಿನ ಕೆಲಸದಿಂದ ಬಂದವರು ಚಪ್ಪಲಿ ಬಿಡುತ್ತಲೇ, "ನಿಮ್ ಸ್ಕೂಲ್ ಮೇಷ್ಟ್ರು ನಮ್ ಗೇಟಲ್ಲಿ ನಿಂತವ್ರೆ ಕಣೆ" ಎಂದರು. ಒಳಗೆ ಹೋಗುವ ಪ್ರತಿಯೊಬ್ಬರ ಹಣೆಗೆ ಜ್ವರ ನೋಡುವ ಗನ್ ಹಿಡಿದು, ಎಷ್ಟಿದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲಸ. ಸೆಕ್ಯುರಿಟಿ ಏಜೆನ್ಸಿಯೊಂದರ ನೀಲಿ ಅಂಗಿ ಕೊಟ್ಟಿದ್ದರಂತೆ, ಭುಜದಲ್ಲಿ ಎರಡು ಬೆರಳು ದೊಡ್ಡದಿತ್ತಂತೆ.

ಆ ಕಾರ್ಖಾನೆಯ ಯುವಕರಲ್ಲಿ ಹಲವರು ಅವರ ಹಳೆಯ ವಿದ್ಯಾರ್ಥಿಗಳು. ಒಬ್ಬ ಕಾಲು ಮುಟ್ಟಲು ಬಗ್ಗಿದನಂತೆ. ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು, "ದೂರ ನಿಲ್ಲಪ್ಪ. ಹಣೆ ತೋರ್ಸು" ಎಂದರಂತೆ. ಇನ್ನು ಕೆಲವರು ನಮ್ಮ ಶಾಲೆಯಲ್ಲಿ ಆಗ ಓದುತ್ತಿದ್ದ ಮಕ್ಕಳ ತಂದೆಯರು. ಅವರ ಮನೆಗಳಲ್ಲಿ ಮಕ್ಕಳು ಫೋನಿನಲ್ಲಿ ಮೇಷ್ಟ್ರ ಪಾಠ ಕೇಳುತ್ತಿದ್ದ ಹೊತ್ತಿಗೆ ಅಪ್ಪಂದಿರು ಮೇಷ್ಟ್ರ ಮುಂದೆ ಸಾಲಿನಲ್ಲಿ ನಿಂತಿರುತ್ತಿದ್ದರು. ಯಾರೊಬ್ಬರೂ ಶಾಲೆಗೆ ಬಂದು ಇದೇನು ಎಂದು ಕೇಳಲಿಲ್ಲ. ಎಲ್ಲರಿಗೂ ಅವರವರ ಕೆಲಸದ ಭಯ. ನಾನಂತೂ ಮಾರ್ಕೆಟ್ಟಿಗೆ ಹೋಗಬೇಕಾದರೆ ಆ ಗೇಟಿನ ಮುಂದೆ ಹಾಯುವ ರಸ್ತೆ ಬಿಟ್ಟು ಬಳಸು ದಾರಿ ಹಿಡಿಯುತ್ತಿದ್ದೆ.

ಎರಡನೇ ಅಲೆ ಬಂದಾಗ ಗೇಟಿನಲ್ಲಿ ನಿಂತವರಿಗೇ ಮೊದಲು ತಗುಲಿತು. ದಿನಕ್ಕೆ ನೂರಾರು ಜನರ ಉಸಿರಿಗೆ ಮುಖವೊಡ್ಡಿ ನಿಲ್ಲುವ ಕೆಲಸ. ಅವರ ಜ್ವರ ನೋಡಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರ ಹೆಂಡತಿ ನನಗೆ ಫೋನು ಮಾಡಿದರು. "ಉಸ್ರು ಇಡಿತೈತೆ ಅಂತವ್ರೆ ಮೇಡಂ. ನಂಗೇನೂ ತಿಳಿಯಾಕಿಲ್ಲ. ನೀವು ಫೋನ್‌ನಾಗೆ ಎಲ್ಲ ಮಾಡ್ತೀರಂತೆ, ಒಂದು ಬೆಡ್ ನೋಡ್ಕೊಡ್ತೀರಾ?" ಅಂದು ನಾನು ಯಾವ ನೆಪವನ್ನೂ ಹೇಳದೆ ಕೆಲಸ ಮಾಡಿದೆ. ಇಡೀ ದಿನ ಒಂದೊಂದೇ ನಂಬರಿಗೆ ಕರೆ ಮಾಡಿದೆ. ಕೊನೆಗೆ ಹಾಸಿಗೆ ಸಿಕ್ಕಿದ್ದು ನಮ್ಮ ವಠಾರದ ಆ ಆಯಾ ಮುಖಾಂತರ. ನಾವು ನಲ್ಲಿ ತೊಳೆಯುತ್ತಿದ್ದೆವಲ್ಲ, ಅವಳೇ. ನಲ್ಲಿಯ ವಿಷಯ ಎತ್ತದೆ ತನ್ನ ಆಸ್ಪತ್ರೆಯವರನ್ನು ಹಿಡಿದು ಸೇರಿಸಿಕೊಟ್ಟಳು.

ನಾಲ್ಕನೇ ದಿನ ಮೇಷ್ಟ್ರು ಹೋದರು. ಆಸ್ಪತ್ರೆಯವರು ಹೆಂಡತಿಗೆ ಮುಖ ತೋರಿಸಲಿಲ್ಲ. ದೂರದಲ್ಲಿ ನಿಂತು, ಸುತ್ತಿದ್ದ ಬಿಳಿ ಕವರು ನೋಡಿ, ಇದೇ ಇವರು ಎಂದು ಬೇರೆಯವರು ಹೇಳಿದ್ದನ್ನು ನಂಬಿ ಬಂದರಂತೆ…

ಶಾಲೆಯ ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಸಂತಾಪ ಬಂತು. ಅದರ ಕೆಳಗೆ ಉದ್ದಕ್ಕೂ ಕೈಮುಗಿದ ಚಿತ್ರಗಳು. ಮಾರನೆಯ ಬೆಳಗ್ಗೆ, ಪರೀಕ್ಷೆ ಮುಂದೆ ಹೋಗಿದ್ದ ಹತ್ತನೇ ತರಗತಿಗೆ ಕನ್ನಡ ಪುನರಾವರ್ತನೆಯಿತ್ತು. ದಿನದ ವಿಡಿಯೋ ಮಕ್ಕಳ ಗುಂಪಿಗೆ ಹಾಕುವವಳು ನಾನೇ. ಕಾರ್ಯದರ್ಶಿಗಳಿಗೆ ಫೋನು ಮಾಡಿ, ಎರಡು ದಿನ ಕನ್ನಡ ಬಿಟ್ಟು ಬೇರೆ ವಿಷಯ ಹಾಕಲೇ ಎಂದು ಕೇಳಿದೆ. "ಅವ್ರು ಹೋದ್ರು ಅಂತ ಸಿಲಬಸ್ ನಿಲ್ಸಕ್ಕಾಗುತ್ತಾ ಮೇಡಂ? ಹಾಕಿ" ಎಂದರು. ಹಾಕಿದೆ.

ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿಯ ಧ್ವನಿ ಸಂದೇಶ ಬಂತು. "ಮಿಸ್, ಸಾರ್ ಹುಷಾರಾದ್ರಾ? ಇವತ್ತು ಕ್ಲಾಸ್ ತಗೊಂಡಿದಾರೆ."

ಸಂಜೆಯೊಳಗೆ ಬೇರೆ ಯಾವ ಮಗುವೋ ಅವಳಿಗೆ ತಿಳಿಸಿರಬೇಕು, ಆ ಸಂದೇಶವನ್ನು ಅವಳೇ ಅಳಿಸಿದ್ದಳು.

ಲಾಕ್‌ಡೌನ್ ಸಡಿಲಾದ ಮೇಲೆ ಮೇಷ್ಟ್ರ ಹೆಂಡತಿ ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಹೊಸಿಲಾಚೆಯೇ ನಿಂತರು. ಮನೆಯಲ್ಲಿ ಅವರ ಎರಡು ಫೋಟೋ ಇವೆ, ಧ್ವನಿ ಯಾವುದರಲ್ಲೂ ಇಲ್ಲ ಎಂದರು. ನಾನು ಪಾಠದ ವಿಡಿಯೋ ಕೊಡಿಸುತ್ತೇನೆ ಎಂದೆ.

"ಪಾಟ ಬ್ಯಾಡ ಮೇಡಂ. ಅದು ಮಕ್ಳಿಗೆ ಏಳಿದ್ದು, ನಂಗೆ ಅರ್ತ ಆಗಾಕಿಲ್ಲ. ಮದ್ಯೆ ಮದ್ಯೆ ಸುಮ್ಕೆ ಏನಾರ ಮಾತಾಡಿರ್ತಾರಲ್ಲ, ನೀರು ಕೊಡಿ ಅಂತಾನೋ, ಬಿಸ್ಲು ಜಾಸ್ತಿ ಅಂತಾನೋ… ಅಂಗೆ ಮಾತಾಡಿರೋದು ಒಂಚೂರು ಇದ್ರೆ ಸಾಕು."

ಅಂಥ ಮಾತು ಬೇಕಾದಷ್ಟಿತ್ತು. ಶುರುವಾಯ್ತಾ ಮೇಡಂ ಎಂದು ಕೇಳಿದ್ದು, ಕೆಮ್ಮಿದ್ದು, ತಪ್ಪಿದಾಗ ತಮ್ಮನ್ನೇ ಬೈದುಕೊಂಡು ನಕ್ಕಿದ್ದು, ಇವತ್ತು ನಮ್ಮನೆಯವಳು ಬಸ್ಸಾರು ಮಾಡಿದಾಳೆ ಎಂದು ಡಬ್ಬಿ ತೆರೆಯುತ್ತಾ ಹೇಳಿದ್ದು. ಪ್ರತಿದಿನ ಸಂಜೆ ಕೂತು ಅವನ್ನೆಲ್ಲ ಕತ್ತರಿಸಿ ತೆಗೆದು, ಪಾಠವನ್ನಷ್ಟೇ ಕಳಿಸಿದವಳು ನಾನು. ಫೋನಿನಲ್ಲಿ ಜಾಗ ಸಾಲದೆ ಉಳಿದದ್ದನ್ನೆಲ್ಲ ಆಗಿಂದಾಗಲೇ ಅಳಿಸಿದ್ದೆ. ಅದನ್ನು ಅವರಿಗೆ ಹೇಳಿದೆ. ಅಷ್ಟು ಮಾತ್ರ ನಿಜ ಹೇಳಿದೆ. ಅವರು ತಲೆಯಾಡಿಸಿ, "ಓಗ್ಲಿ ಬಿಡಿ, ನಿಮಗೇನು ಗೊತ್ತಿತ್ತು" ಎಂದು ಮೆಟ್ಟಿಲಿಳಿದು ಹೋದರು.

ಪಾಠಗಳೂ ಉಳಿಯಲಿಲ್ಲ. ಮುಂದಿನ ವರ್ಷ ಶಾಲೆ ಯಾವುದೋ ಕಂಪನಿಯ ಆ್ಯಪ್ ಕೊಂಡಿತು, ವಿಡಿಯೋಗಳನ್ನೆಲ್ಲ ಇಟ್ಟಿದ್ದ ಹಳೆಯ ಖಾತೆ ಮುಚ್ಚಿದರು. ಒಂದು ಪ್ರತಿ ತೆಗೆದಿಡೋಣ ಎಂದು ನಾನು ಕೇಳುವ ಹೊತ್ತಿಗೆ ತಡವಾಗಿತ್ತು.

ನಾನಿನ್ನೂ ಅದೇ ಶಾಲೆಯಲ್ಲಿದ್ದೇನೆ. ಪಕ್ಕದ ವರ್ಕ್‌ಶಾಪಿನ ಜಾಗದಲ್ಲಿ ಈಗ ಪಿ.ಜಿ. ಕಟ್ಟಿದ್ದಾರೆ, ಪಾಠಕ್ಕೆ ಯಾವ ಸದ್ದಿನ ಅಡ್ಡಿಯೂ ಇಲ್ಲ. ಕನ್ನಡಕ್ಕೆ ಇಬ್ಬರು ಬಂದು ಹೋದರು. ಆಯಾ ವಠಾರ ಬಿಟ್ಟು ಎಲ್ಲಿಗೋ ಹೋದಳು, ಅವಳ ಹೆಸರನ್ನು ನಾವ್ಯಾರೂ ಸರಿಯಾಗಿ ಕೇಳಿಯೂ ಇರಲಿಲ್ಲ. ಮೇಷ್ಟ್ರ ಹೆಂಡತಿ ನೆಲಮಂಗಲದ ಹತ್ತಿರ ತಂಗಿಯ ಮನೆಯಲ್ಲಿದ್ದಾರೆ. ಪ್ರತಿ ಯುಗಾದಿಗೆ ತಪ್ಪದೆ ಫೋನು ಮಾಡುತ್ತಾರೆ. ಈ ಸಲವೂ ಮಾಡಿದ್ದರು. "ಅವ್ರಿಗೆ ನಿಮ್ ಮೇಲೆ ಬಾಳ ನಂಬ್ಕೆ ಮೇಡಂ. ಶಾಲೇಲಿ ಎಲ್ರೂ ಕೈಬಿಟ್ರು, ಆ ಮೇಡಂ ಒಬ್ರು ಅಂಗಲ್ಲ ಅಂತ ಕೊನೇಗಂಟ ಏಳೋರು" ಎಂದರು.

ನಾನು, "ಹಬ್ಬದ ಅಡುಗೆ ಆಯ್ತಾ ಅಕ್ಕ?" ಎಂದು ಕೇಳಿದೆ.