ಸೋಮವ್ವನ ಮೊದಲ ತುತ್ತು

ಸಿಯಾಟಲ್ ಬದಿಯ ಈಸ್ಟ್‌ಗೇಟಿನ ಸೋಮವ್ವ ಉಣ್ಣುವುದನ್ನು ಕಂಡವರು ಯಾರೂ ಇಲ್ಲ. ಕನ್ನಡ ಸಂಘದ ಊಟವಿರಲಿ, ಯಾರದೋ ಮನೆಯ ಗೃಹಪ್ರವೇಶವಿರಲಿ, ಆಕೆಯ ಕೈಯಲ್ಲಿ ಸೌಟು, ಬಾಯಲ್ಲಿ ‘ಇನ್ನೊಂಚೂರು’. ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಎಣ್ಣೆಗಾಯಿ ಇಳಿಸುವ ಕಲೆ ಆಕೆಗೆ ಗೊತ್ತು. ಎಲ್ಲರೂ ಕೈ ತೊಳೆದು, ಫೋಟೋ ತೆಗೆಸಿಕೊಂಡು, ಕಾರಿನ ಕೀಲಿ ಹುಡುಕುವ ಹೊತ್ತಿಗೆ ಆಕೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಂದು ಬಟ್ಟಲಿಗೆ ಬಳಿದುಕೊಳ್ಳುತ್ತಾಳೆ. ಆಗ ನೋಡಲು ಅಲ್ಲಿ ಯಾರಿರುತ್ತಾರೆ? ಸೋಮವ್ವ ಗಾಳಿ ಕುಡಿದು ಬದುಕುತ್ತಾಳೆ ಎಂದು ಗೆಳತಿ ವಿಶಾಲಾಕ್ಷಿ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಇದು ನರಗುಂದದ ಗಂಡನ ಮನೆಯಲ್ಲಿ ಅಂಟಿದ ಚಟ. ಅಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ನೆಗೆಣ್ಣಿಯರು, ಎಲ್ಲರದೂ ಆದ ಮೇಲೆ ಕಿರಿಸೊಸೆ ಸೋಮವ್ವ. ದೇವರಿಗೆ ಎಡೆಯಾಗುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ, ಎಡೆಯಾದ ಮೇಲೆ ನೋಡಲು ಪುರುಸೊತ್ತಿಲ್ಲ. ಹೀಗಾಗಿ ಸಾರಿಗೆ ಉಪ್ಪು ಕಮ್ಮಿಯಾಗಿತ್ತು ಎನ್ನುವುದು ಆಕೆಗೆ ತಿಳಿಯುತ್ತಿದ್ದದ್ದು ಮನೆಯವರೆಲ್ಲ ಮುಖ ಹುಳ್ಳಗೆ ಮಾಡಿಕೊಂಡು ಎದ್ದುಹೋದ ಮೇಲೆಯೇ. ವಿಮಾನದ ರೆಕ್ಕೆಗಳ ಎಂಜಿನಿಯರಾಗಿ ಸಿಯಾಟಲ್‌ಗೆ ಬಂದ ಗಂಡ ನಾಗಲಿಂಗಪ್ಪ, ಇಲ್ಲಿ ಇರುವವರು ಇಬ್ಬರೇ ತಾನೇ, ಕೂಡಿ ಉಣ್ಣೋಣ ಎಂದು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡರು. ಒಂದು ರೊಟ್ಟಿ ಮುಗಿಯುವುದರೊಳಗೆ ಆಕೆ ಉಪ್ಪಿನಕಾಯಿಗೆ, ತುಪ್ಪಕ್ಕೆ, ನೀರಿಗೆ, ಮತ್ತೆ ಸುಮ್ಮನೆ ಒಲೆ ನೋಡುವುದಕ್ಕೆ ಎದ್ದು ಎದ್ದು ಅವರಿಗೇ ತಲೆ ತಿರುಗಿತು. ಮರುದಿನ ಅವರು ಆ ಸುದ್ದಿ ಎತ್ತಲಿಲ್ಲ. ಅವರು ತೀರಿಕೊಂಡ ಮೇಲೂ, ಮನೆಯಲ್ಲಿ ಒಬ್ಬಳೇ ಇರುವಾಗಲೂ, ಅಡುಗೆಯ ಪಾತ್ರೆಯನ್ನೆಲ್ಲ ತೊಳೆದಿಟ್ಟ ಮೇಲೆಯೇ ಆಕೆಯ ಊಟ. ಯಾರಿಗಾಗಿ ಕಾಯುತ್ತೀ ಎಂದು ಮಗಳು ಕೇಳಿದರೆ ಆಕೆ ಒಲೆ ಒರೆಸತೊಡಗುತ್ತಾಳೆ.

ಮಗಳು ನಿಕಿತಾ ಕ್ಯಾನ್ಯನ್ ಪಾರ್ಕಿನ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿದ್ದಾಳೆ. ಅಲ್ಲೇ ಜೊತೆಗೆ ಕೆಲಸ ಮಾಡುವ ಸಂಗ್‌ಮಿನ್ ಚೋ ಎಂಬ ಕೊರಿಯನ್ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಸೋಮವ್ವ ಮೂರು ದಿನ ಮುಖ ದಪ್ಪಗೆ ಮಾಡಿಕೊಂಡಿದ್ದಳು. ನಾಲ್ಕನೆಯ ದಿನ ಹುಡುಗ ಮನೆಗೆ ಬಂದ. ಬಡಿಸಿದ್ದನ್ನೆಲ್ಲ ಉಂಡ, ಬೇಡ ಎನ್ನಲಿಲ್ಲ, ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ. ಅಂಥವನನ್ನು ಎಷ್ಟು ದಿನ ಅಂತ ದೂರ ಇಡುವುದು? ಈಗ ಉಳಿದಿದ್ದದ್ದು ಅವನ ತಂದೆತಾಯಿ. ಅವರು ಹಳೆಯ ಕಾಲದವರು, ಮನಸ್ಸಿನಲ್ಲಿ ತಮ್ಮವಳೇ ಸೊಸೆಯಾಗಲಿ ಎಂದು ಇದ್ದವರು, ನಿನ್ನೊಡನೆ ಒಂದು ಸಲ ಕೂಡಿ ಊಟ ಮಾಡಿದರೆ ಒಪ್ಪಿಯಾರು ಎಂದು ನಿಕಿತಾ ಹೇಳಿದ್ದಳು. ದಯವಿಟ್ಟು ಎಲ್ಲರ ಹಾಗೆ ಸುಮ್ಮನೆ ಕೂತು ಉಣ್ಣು ಎಂದೂ ಕೈಮುಗಿದಿದ್ದಳು. ತನ್ನಿಂದ ಏನಾದರೂ ಹೆಚ್ಚುಕಮ್ಮಿಯಾಗಿ ಮಗಳ ಮದುವೆ ಮುರಿದುಬಿದ್ದರೆ ಎಂಬ ಭಯಕ್ಕೆ ಸೋಮವ್ವನಿಗೆ ಹಿಂದಿನ ರಾತ್ರಿ ನಿದ್ದೆ ಹತ್ತಿರಲಿಲ್ಲ.

ಮರ್ಸರ್ ಐಲ್ಯಾಂಡಿನಿಂದ ಚೋ ದಂಪತಿಯೇ ಕಾರು ತಂದು ಆಕೆಯನ್ನು ಕರೆದುಕೊಂಡರು. ಮಕ್ಕಳು ಕೆಲಸ ಮುಗಿಸಿ ನೇರವಾಗಿ ಹೋಟೆಲಿಗೆ ಬರುವುದೆಂದು ಮಾತಾಗಿತ್ತು. ಶ್ರೀಮತಿ ಚೋ ತಾವು ಹಿಂದೆ ಕೂತು, ಇಳಕಲ್ ಸೀರೆಯ ಸೋಮವ್ವನನ್ನು ಬಲವಂತವಾಗಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಕಾರು ಹೊರಟು ಸ್ವಲ್ಪ ಹೊತ್ತಿಗೆ ಚೋ ಅವರು ಬಹಳ ವಿನಯದಿಂದ, ನೀವು ಹುಟ್ಟಿದ ವರ್ಷ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸೋಮವ್ವನಿಗೆ ದಿಗಿಲಾಯಿತು. ಜಾತಕ ನೋಡುವವರು ಹುಡುಗಿಯದನ್ನು ಕೇಳಬೇಕು, ಹುಡುಗಿಯ ಅವ್ವನದನ್ನೇಕೆ ಕೇಳುತ್ತಾರೆ? ಐವತ್ತಾರನೆಯ ಇಸವಿ ಎಂದಳು. ಚೋ ಅವರು ತಮ್ಮದು ಐವತ್ತೊಂಬತ್ತು ಎಂದು ಹೇಳಿ, ಎಲ್ಲವೂ ಸರಿಹೋಯಿತು ಎನ್ನುವಂತೆ ತಲೆಯಾಡಿಸಿದರು. ಏನು ಸರಿಹೋಯಿತೋ ಆಕೆಗೆ ತಿಳಿಯಲಿಲ್ಲ.

ಲಿನ್‌ವುಡ್‌ನ ಆ ಹೋಟೆಲು ಹೊರಗಿನಿಂದ ನೋಡಲು ಏನೂ ಅಲ್ಲ, ಟೈರ್ ಅಂಗಡಿಯ ಪಕ್ಕದ ಒಂದು ಬಾಗಿಲು. ಒಳಗೆ ಮರದ ಮೇಜುಗಳು, ಬೆಳ್ಳುಳ್ಳಿಯ ಘಮ. ಚಮಚಗಳನ್ನು ಮೇಜಿನ ಬದಿಯ ಡ್ರಾಯರಿನಲ್ಲೇ ಇಟ್ಟಿದ್ದರು. ಕೂತ ಕೂಡಲೆ ಏಪ್ರನ್ ಕಟ್ಟಿಕೊಂಡ ಹೆಂಗಸೊಬ್ಬಳು ಬಂದು ಸಣ್ಣಸಣ್ಣ ಬಟ್ಟಲುಗಳನ್ನು ಸಾಲಾಗಿ ಇಟ್ಟು ಹೋದಳು. ಮೊಳಕೆಕಾಳಿನ ಪಲ್ಯ, ಪಾಲಕ, ಮೂಲಂಗಿ, ಸೌತೆ, ಕೆಂಪಗೆ ಖಾರ ಹಚ್ಚಿದ ಎಲೆಕೋಸು. ಊಟಕ್ಕೆ ಮುಂಚೆ ಇಷ್ಟು ಬಗೆಯ ಪಚಡಿ, ಉಪ್ಪಿನಕಾಯಿ ಬಡಿಸುವ ಜನ ಕೆಟ್ಟವರಾಗಿರಲಾರರು ಎಂದು ಸೋಮವ್ವನಿಗೆ ಸ್ವಲ್ಪ ಧೈರ್ಯ ಬಂತು. ಆಕೆಗಾಗಿ ಶ್ರೀಮತಿ ಚೋ ಹಿಂದಿನ ದಿನವೇ ಬಂದು, ಯಾವುದಕ್ಕೂ ಮೀನು ಮಾಂಸ ಸೋಕಿಸದೆ ಬೇರೆಯಾಗಿ ಮಾಡಬೇಕೆಂದು ಅಡುಗೆಯವರಿಗೆ ಹೇಳಿ ಹೋಗಿದ್ದರು. ನಡುವೆ ಕರಿಯ ಮಣ್ಣಿನ ಗಡಿಗೆಯಲ್ಲಿ ಹುದುಗಿಸಿದ ಸೋಯಾಕಾಳಿನ ಸಾರು ಕೊತಕೊತ ಕುದಿಯುತ್ತ ಬಂತು.

ಅಷ್ಟರಲ್ಲಿ ನಿಕಿತಾಳ ಮೆಸೇಜು. ಫ್ರೀವೇಯಲ್ಲಿ ಆ್ಯಕ್ಸಿಡೆಂಟ್ ಆಗಿದೆ, ತಡವಾಗುತ್ತದೆ, ಕಾಯಬೇಡಿ, ಶುರು ಮಾಡಿ.

ಯಾರೂ ಶುರು ಮಾಡಲಿಲ್ಲ. ದಯವಿಟ್ಟು ತೆಗೆದುಕೊಳ್ಳಿ ಎಂದರು ಚೋ. ಮೊದಲು ನೀವು ಎಂದಳು ಸೋಮವ್ವ. ಇಲ್ಲ, ನೀವು ಎಂದರು ಶ್ರೀಮತಿ ಚೋ. ನಾನು ಆಮೇಲೆ, ನನಗೇನೂ ಅವಸರವಿಲ್ಲ ಎಂದಳು ಸೋಮವ್ವ. ಮೂವರೂ ಮುಗುಳ್ನಕ್ಕರು. ಗಡಿಗೆಯ ಕುದಿ ನಿಂತಿತು. ಬಾರ್ಲಿ ನೀರು ಕುಡಿದು ಲೋಟಗಳು ಖಾಲಿಯಾದವು. ಚೋ ಅವರ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುರುಗುಟ್ಟಿತು, ಆದರೂ ಮನುಷ್ಯ ಚಮಚದತ್ತ ಕೈ ಚಾಚಲಿಲ್ಲ. ಸೋಮವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಸಿದ ಗಂಡಸು ಎದುರಿಗಿದ್ದ ಊಟ ಮುಟ್ಟುತ್ತಿಲ್ಲವೆಂದರೆ ಸಂಬಂಧ ಬೇಡವೆಂದೇ ಅರ್ಥ. ತಾನು ಏನು ತಪ್ಪು ಮಾಡಿದೆ? ಐವತ್ತಾರು ಎನ್ನಬಾರದಿತ್ತೇ?

ಏನೂ ತೋಚದಾಗ ಆಕೆಯ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಸೋಮವ್ವ ಎದ್ದು ಸೆರಗು ಸಿಕ್ಕಿಸಿಕೊಂಡು, ಸೌಟು ಹಿಡಿದು ಚೋ ಅವರ ಬಟ್ಟಲಿಗೆ ಸಾರು ಹಾಕಿದಳು. ಚೋ ಅವರು ಬೆಂಕಿ ಮುಟ್ಟಿದವರ ಹಾಗೆ ಎದ್ದು ನಿಂತು, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ತಲೆ ಬಗ್ಗಿಸಿದರು. ಶ್ರೀಮತಿ ಚೋ ಕೂಡ ಎದ್ದರು. ಮೂವರೂ ನಿಂತದ್ದನ್ನು ಕಂಡು ಪಕ್ಕದ ಮೇಜಿನವರು, ಇದೇನು ಆರತಿ ನಡೆದಿದೆಯೋ ಎಂಬಂತೆ ನೋಡಿದರು. ಸೋಮವ್ವ ಪಾಲಕದ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಏಪ್ರನ್ ಹೆಂಗಸು ಓಡಿ ಬಂದು ಆಕೆಯ ಕೈಯಿಂದ ಸೌಟು ತೆಗೆದುಕೊಂಡುಬಿಟ್ಟಳು. ಸೋಮವ್ವನ ಕೈಯಿಂದ ಸೌಟು ಕಸಿದವರು ನರಗುಂದದಲ್ಲೂ ಇರಲಿಲ್ಲ, ಅಮೆರಿಕದಲ್ಲೂ ಇರಲಿಲ್ಲ.

ಬರಿಗೈಯಲ್ಲಿ ಕೂತ ಆಕೆಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅದನ್ನು ನೋಡಿ ಶ್ರೀಮತಿ ಚೋ ಸಂಕೋಚ ಬಿಟ್ಟರು.

“ನಮ್ಮಲ್ಲಿ ಹಿರಿಯರು ಚಮಚ ಎತ್ತುವ ತನಕ ಯಾರೂ ಎತ್ತುವುದಿಲ್ಲ. ಈ ಮೇಜಿಗೆ ಹಿರಿಯರು ನೀವು. ಊಟ ಹಿಡಿಸದಿದ್ದರೆ ಹೇಳಿ. ನಮ್ಮ ಹುಡುಗ ಹಿಡಿಸದಿದ್ದರೂ ಹೇಳಿ.”

ಹುಟ್ಟಿದ ವರ್ಷ, ಮುಂದಿನ ಸೀಟು, ಎಲ್ಲ ಒಟ್ಟಿಗೆ ಸೋಮವ್ವನ ತಲೆಗೆ ಹೊಳೆಯಿತು. ಅಯ್ಯೋ, ನಿಮ್ಮದಾಗಲಿ ಎಂದು ನಾನು ಕಾಯುತ್ತಿದ್ದೆ, ಬಡಿಸುವವಳು ಎಲ್ಲರದೂ ಆದ ಮೇಲೆ ಉಣ್ಣಬೇಕಲ್ಲವೇ ಎಂದಳು. ಶ್ರೀಮತಿ ಚೋ, ಅತ್ತೆ ಇದ್ದಷ್ಟು ಕಾಲ ತಮ್ಮ ಊಟವೂ ಅಡುಗೆಮನೆಯಲ್ಲೇ, ನಿಂತುಕೊಂಡೇ ಆಗುತ್ತಿತ್ತು ಎಂದರು. ಈ ಹೋಟೆಲಿಗೆ ಬರಲು ತಮಗೆ ಇಷ್ಟ, ಏಕೆಂದರೆ ಇಲ್ಲಿ ಎದ್ದರೆ ಸೌಟು ಕಸಿದುಕೊಳ್ಳುತ್ತಾರೆ ಎಂದೂ ಹೇಳಿದರು.

ಮಕ್ಕಳು ಓಡೋಡಿ ಬಂದಾಗ ಇಬ್ಬರು ಹೆಂಗಸರೂ ಬಿದ್ದು ಬಿದ್ದು ನಗುತ್ತಿದ್ದರು. ಚೋ ಅವರು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ, ಅವರಿಗೆ ಹಸಿವು ತಾಳಲಾಗುತ್ತಿರಲಿಲ್ಲ. ಆರಿಹೋದ ಗಡಿಗೆಯನ್ನು ಏಪ್ರನ್ ಹೆಂಗಸು ಒಳಗೆ ಒಯ್ದು ಮತ್ತೆ ಕುದಿಸಿ ತಂದಿಟ್ಟಳು. ನಾಲ್ವರೂ ಸೋಮವ್ವನ ಕಡೆ ತಿರುಗಿ ಕೂತರು.

ತಾನು ಉಣ್ಣುವುದನ್ನು ಇಷ್ಟು ಜನ ನೋಡುತ್ತಿದ್ದದ್ದು ಆಕೆಯ ಬದುಕಿನಲ್ಲಿ ಇದೇ ಮೊದಲು. ಮದುವೆಯ ಮೇಣೆಯಲ್ಲಿ ಕೂತ ದಿನದ ನಾಚಿಕೆ ಮುಖಕ್ಕೆ ಬಂತು. ಮನಸ್ಸು ಗಟ್ಟಿ ಮಾಡಿ, ಚಮಚದ ತುಂಬ ಸಾರು ಎತ್ತಿ, ಹಾಗೇ ಬಾಯಿಗೆ ಹಾಕಿಕೊಂಡಳು. ನಾಲಿಗೆ ಚುರ್ ಎಂದು ಸುಟ್ಟಿತು. ಉಗುಳುವಂತಿಲ್ಲ, ನುಂಗುವಂತಿಲ್ಲ, ಎರಡೂ ಕೈಯಿಂದ ಬಾಯಿಗೆ ಗಾಳಿ ಹಾಕಿಕೊಳ್ಳತೊಡಗಿದಳು. ಶ್ರೀಮತಿ ಚೋ ತಣ್ಣೀರಿನ ಲೋಟ ಹಿಡಿದು, ಕುದಿಯುವ ಸಾರನ್ನು ಊದದೆ ಯಾರಾದರೂ ಬಾಯಿಗೆ ಹಾಕುತ್ತಾರೆಯೇ ಎಂದು ಗದರಿದರು. ಆ ಗದರಿಕೆಯಲ್ಲಿ ಬೀಗತಿಯ ಸಲಿಗೆ ಆಗಲೇ ಬಂದುಬಿಟ್ಟಿತ್ತು. ಚೋ ಅವರು ಇನ್ನು ತಡೆಯಲಾರದೆ ಚಮಚ ಎತ್ತಿದರು. ಬಟ್ಟಲುಗಳು ಖಾಲಿಯಾದಂತೆಲ್ಲ ತುಂಬಿ ಬಂದವು, ಮದುವೆ ಬೇಸಿಗೆಯಲ್ಲೋ ಮಳೆ ಹಿಡಿಯುವ ಮುಂಚೆಯೋ ಎನ್ನುವತನಕ ಮಾತು ಹೋಯಿತು. ಸೋಮವ್ವ ಒಂದು ಸಲವೂ ಏಳಲಿಲ್ಲ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ನಿಕಿತಾ. ಅಷ್ಟು ಬಿಸಿಯಿದೆ ಎಂದು ಕಣ್ಣಿಗೇ ಕಾಣುತ್ತಿತ್ತಲ್ಲ, ಹಾಗೇಕೆ ಬಾಯಿಗೆ ಹಾಕಿಕೊಂಡೆ ಎಂದು ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿದಳು.

ಸೋಮವ್ವ ಸುಟ್ಟ ನಾಲಿಗೆಯನ್ನು ಹಲ್ಲಿಗೆ ಸವರಿಕೊಂಡಳು. “ನನಗೇನ್ ಗೊತ್ತವ್ವ. ನಾ ಉಣ್ಣೂದ್ರಾಗ ಎಲ್ಲಾ ಆರಿ ತಣ್ಣಗಾಗಿರತಿತ್ತು. ಬಿಸಿ ಊಟ ಇಷ್ಟ್ ರುಚಿ ಇರತೈತಂತ ಯಾರೂ ಹೇಳಲೇ ಇಲ್ಲ ನೋಡ.”

ದಿನಾ ಬಿಸಿ ರೊಟ್ಟಿ ತಿಂದು ಎದ್ದುಹೋದವರಲ್ಲಿ ನಿಕಿತಾಳೂ ಒಬ್ಬಳು. ಈಸ್ಟ್‌ಗೇಟಿನ ತಿರುವು ಬಂದಾಗ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು.

“ಅವ್ವಾ, ಅವರು ನಮ್ಮನೀಗೆ ಬಂದಾಗ ನೀ ಕೂಡು. ರೊಟ್ಟಿ ನಾ ಮಾಡ್ತೀನಿ.”

ಸೋಮವ್ವ ಮಗಳ ಭುಜದ ಮೇಲೆ ಕೈಯಿಟ್ಟಳು. “ಬ್ಯಾಡವ್ವ, ನಿನ್ನ ರೊಟ್ಟಿ ತಿಂದ್ರ ಮದುವಿ ಮುರದೀತು” ಎಂದಳು.